ಎರಡು ಗಂಟೆಯ ಸೈರನ್ನು

ನಾನು ಅಲ್ಲಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಓದುವಾಗ ನಾನು ಅಲ್ಲೇ ಇದ್ದೆ ಎಂದು ನಿಮಗೆ ಅನ್ನಿಸಬಹುದು. ನನಗೇ ಎಷ್ಟೋ ಸಲ ಅನ್ನಿಸುತ್ತದೆ. ಐಸ್ ಕಾರ್ಖಾನೆಯ ಕಾಂಪೌಂಡಿನ ಮೋರಿ ಕಿಂಡಿಯಿಂದ ತಣ್ಣನೆಯ ಬಿಳಿ ಹೊಗೆ ನೆಲ ಹಿಡಿದು ಬೀದಿಗೆ ಬಂದದ್ದು, ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಸಿದದ್ದು, ಸುತ್ತ ಜನ ಮೊಬೈಲು ಎತ್ತಿ ಹಿಡಿದು ನಿಂತದ್ದು, ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಹೊತ್ತಿಗೆ ನಾನು ಯಶವಂತಪುರದ ಒಂದು ಟೈರ್ ಅಂಗಡಿಯ ಗೋಡೌನಿನಲ್ಲಿ ಬೆವರುತ್ತಿದ್ದೆ. ಹಾಗಾದರೆ ಈ ಚಿತ್ರ ಎಲ್ಲಿಂದ ಬಂತು? ಹೊಗೆ ಅಮ್ಮ ಹೇಳಿದ್ದು. ಸೆರಗು ಪಕ್ಕದ ಮನೆಯಾಕೆ ಹೇಳಿದ್ದು. ಮೊಬೈಲು ಹಿಡಿದ ಜನ ಟೀವಿಯವರು ತೋರಿಸಿದ್ದು. ನನ್ನ ಸಿಟ್ಟೆಲ್ಲ ಈ ಕೊನೆಯದರ ಮೇಲೆ. ನಾನು ಕಾಣದ ಆ ಜನರನ್ನು ನನ್ನ ತಲೆಯೊಳಗೆ ತಂದು ನಿಲ್ಲಿಸಿದವರು ಯಾರು ಎಂದು ನನಗೆ ಗೊತ್ತು.

ನಮ್ಮ ಬೀದಿ ನಾಗಸಂದ್ರದ ಹಿಂಭಾಗದಲ್ಲಿ, ತುಮಕೂರು ರಸ್ತೆಯಿಂದ ಒಳಕ್ಕೆ. ಆಗ ಮೆಟ್ರೋ ಕಂಬಗಳು ಎದ್ದು ನಿಂತಿದ್ದವು, ರೈಲು ಇನ್ನೂ ಓಡುತ್ತಿರಲಿಲ್ಲ. ಅರ್ಧ ಬೀದಿ ಹಳೇ ಊರಿನ ಮನೆಗಳು. ಇನ್ನರ್ಧ, ಅದೇ ಊರಿನವರು ದನದ ಕೊಟ್ಟಿಗೆ ಕೆಡವಿ ಎಬ್ಬಿಸಿದ ಬಾಡಿಗೆ ಮನೆಗಳು. ಬೀದಿಯ ಕೊನೆಗೆ ಕಾರ್ಖಾನೆ. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಮೀನು, ಮಾಂಸ, ಐಸ್ ಕ್ರೀಮು ಇಡುವ ದೊಡ್ಡ ದೊಡ್ಡ ತಣ್ಣನೆ ಕೋಣೆಗಳೂ ಅದರೊಳಗಿದ್ದವು. ನಮಗೆಲ್ಲ ಅದು ಐಸ್ ಕಾರ್ಖಾನೆ.

ಪಾಳಿ ಬದಲಾಗುವಾಗ ಅಲ್ಲಿ ಸೈರನ್ನು ಕೂಗುತ್ತಿತ್ತು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ. ಎರಡು ಗಂಟೆಯ ಸೈರನ್ನಿಗೂ ನಮ್ಮ ನೀರಿಗೂ ನಂಟು ಹೇಗೆ ಬೆಳೆಯಿತೋ ಕಾಣೆ. ಬಹುಶಃ ನೀರುಗಂಟಿಯ ಕೈಯಲ್ಲಿ ಗಡಿಯಾರ ಇರಲಿಲ್ಲ. ಸೈರನ್ನು ಕೇಳಿದೊಡನೆ ಅವನು ಬೋರ್‌ವೆಲ್ಲಿನ ಮೋಟಾರು ಹಾಕುತ್ತಿದ್ದ, ಕಾರ್ಖಾನೆಯ ಕಾಂಪೌಂಡಿಗೆ ಅಂಟಿಕೊಂಡಿದ್ದ ಸಿಮೆಂಟಿನ ತೊಂಬೆಯ ನಲ್ಲಿಗಳಲ್ಲಿ ನೀರು ಬರುತ್ತಿತ್ತು. ಹೆಂಗಸರು ಬೆಳಿಗ್ಗೆಯೇ ಬಿಂದಿಗೆಗಳನ್ನು ಸಾಲಿಗಿಟ್ಟು ಹೋಗಿರುತ್ತಿದ್ದರು. ಸೈರನ್ನು ಕೂಗಿದಾಗ ಬಿಂದಿಗೆಯ ಪಕ್ಕದಲ್ಲಿ ಅದರ ಯಜಮಾನಿ ಇಲ್ಲದಿದ್ದರೆ ಹಿಂದಿನವರು ಅದನ್ನು ಕಾಲಿನಿಂದ ಸರಿಸಿ ತಮ್ಮದನ್ನು ಇಡುತ್ತಿದ್ದರು. ಅದಕ್ಕೆ ಯಾರೂ ಜಗಳವಾಡುವಂತಿಲ್ಲ. ಅದು ಬೀದಿಯ ಕಾನೂನು. ಹೀಗಾಗಿ ಆ ಸೈರನ್ನು ಕೇಳಿದರೆ ಒಲೆಯ ಮೇಲೆ ಏನಿದ್ದರೂ ಬಿಟ್ಟು ಹೊರಗೆ ಓಡಬೇಕು. ಮನೆಯೊಳಗೆ ಕೂರಬೇಕು ಎಂದು ಅದು ಯಾರಿಗೂ ಯಾವತ್ತೂ ಹೇಳಿರಲಿಲ್ಲ.

ಸೈರನ್ನು ಒತ್ತುತ್ತಿದ್ದವರು ನಮ್ಮ ಬೀದಿಯವರೇ. ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ನಮ್ಮಮ್ಮನನ್ನು ಅಕ್ಕಾ ಎನ್ನುತ್ತಿದ್ದರು, ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ.

ಆ ದಿನ ನಡೆದದ್ದು ಇಷ್ಟು. ಊಟದ ಹೊತ್ತಿಗೆ ಒಳಗೆ ಅಮೋನಿಯಾ ಪೈಪು ಸೋರಲು ಶುರುವಾಯಿತು. ಒಳಗಿನ ಕೆಲಸಗಾರರನ್ನು ಹಿಂದಿನ ಗೇಟಿನಿಂದ ಸದ್ದಿಲ್ಲದೆ ಹೊರಗೆ ಕಳಿಸಿದರು. ಮುಂದಿನ ಗೇಟಿನಲ್ಲಿದ್ದ ಅಣ್ಣನಿಗೆ ಯಾರೂ ಏನೂ ಹೇಳಲಿಲ್ಲ. ಬೀದಿಗಂತೂ ಹೇಳುವ ಮಾತೇ ಇಲ್ಲ. ಅಪಾಯವಾದರೆ ಮೂರು ಸಲ ಬಿಟ್ಟು ಬಿಟ್ಟು ಕೂಗಿಸಬೇಕು ಎಂಬ ನಿಯಮ ಇತ್ತಂತೆ. ಇತ್ತು ಎನ್ನುವುದು ನಮಗೆ ತಿಳಿದದ್ದೇ ಆಮೇಲೆ. ಎರಡು ಗಂಟೆಯಾಯಿತು. ಅಣ್ಣ ದಿನದ ಹಾಗೆ ಗುಂಡಿ ಒತ್ತಿದರು. ಸೈರನ್ನು ದಿನದ ಹಾಗೆ ಒಂದೇ ಉದ್ದಕ್ಕೆ ಕೂಗಿತು. ನೀರುಗಂಟಿ ಮೋಟಾರು ಹಾಕಿದ. ಹೆಂಗಸರು ಬಾಗಿಲು ತೆರೆದು ನಲ್ಲಿಗೆ ಓಡಿದರು, ಹೊಗೆಯೊಳಕ್ಕೆ. ಮುಂದಿನ ಸಾಲಿನಲ್ಲಿದ್ದದ್ದು ನಮ್ಮಮ್ಮ.

ಇನ್ನು ನಾನು ಕಣ್ಣಾರೆ ಕಂಡದ್ದು ಶುರು. ಆಸ್ಪತ್ರೆಯ ವಾರ್ಡಿನಲ್ಲಿ ಅಮ್ಮನ ಕಣ್ಣುಗಳು ಊದಿಕೊಂಡು ಮುಚ್ಚಿದ್ದವು, ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು. ಗೋಡೆಯ ಮೇಲಿನ ಟೀವಿಯಲ್ಲಿ ನಮ್ಮ ಬೀದಿ ಬಂತು. ಕ್ಯಾಮೆರಾ ಬರುವ ಹೊತ್ತಿಗೆ ಹೊಗೆ ತೆಳುವಾಗಿ, ಅಕ್ಕಪಕ್ಕದ ಬಡಾವಣೆಗಳ ಹುಡುಗರೆಲ್ಲ ಬಂದು ಸೇರಿದ್ದರು. ಮೊಬೈಲುಗಳು ಆ ಕೈಗಳಲ್ಲಿ. ಅವರನ್ನು ತೋರಿಸುತ್ತಲೇ ನಿರೂಪಕಿ ಕಂಪನಿಯ ಹೇಳಿಕೆ ಓದಿದಳು. ಸೈರನ್ ಮೊಳಗಿಸಿ ಸಾರ್ವಜನಿಕರನ್ನು ಎಚ್ಚರಿಸಲಾಗಿತ್ತು, ಆದರೂ ಕುತೂಹಲದಿಂದ ಹೊರಬಂದ ಕೆಲವರು ಅಸ್ವಸ್ಥರಾಗಿದ್ದಾರೆ, ಪರಿಸ್ಥಿತಿ ಸಂಪೂರ್ಣ ನಿಯಂತ್ರಣದಲ್ಲಿದೆ, ಸಂತ್ರಸ್ತರೊಂದಿಗೆ ಸಂಸ್ಥೆ ನಿಂತಿದೆ.

ಅಮ್ಮ ನನ್ನ ಕೈ ತಡವಿ ಹಿಡಿದುಕೊಂಡಳು. ಮಾತಾಡಲು ನೋಡಿದಳು, ಆಗಲಿಲ್ಲ. ಕೈ ಬಿಟ್ಟು, ಮಲಗಿದ ಹಾಗೆಯೇ ತೋಳನ್ನು ಬಾಗಿಸಿ ಸೊಂಟಕ್ಕೆ ತಂದಳು. ಬಿಂದಿಗೆ ಎತ್ತಿಕೊಳ್ಳುವ ಹಾಗೆ. ಮತ್ತೆ ಮತ್ತೆ ಹಾಗೇ ಮಾಡಿದಳು. ನರ್ಸು ಬಂದು, "ಸೊಂಟ ನೋವಾ ಅಜ್ಜಿಗೆ?" ಎಂದು ಕೇಳಿದಳು.

ಅಮ್ಮನ ಬಟ್ಟೆ ತರಲು ಸಂಜೆ ಮನೆಗೆ ಹೋದಾಗ ತೊಂಬೆಯ ಎದುರು ಬಿಂದಿಗೆಗಳು ಹಾಗೇ ಸಾಲಾಗಿ ನಿಂತಿದ್ದವು. ಕೆಲವು ಉರುಳಿದ್ದವು. ಪೊಲೀಸರು ಹಗ್ಗ ಕಟ್ಟಿದ್ದರು. ಹಗ್ಗದ ಹಿಂದೆ ಹಸಿರು, ನೀಲಿ, ಕೆಂಪು ಪ್ಲಾಸ್ಟಿಕ್ ಬಿಂದಿಗೆಗಳ ಸಾಲು, ಎಲ್ಲರ ಕಣ್ಣಿಗೂ ಬೀಳುವಂತೆ. ಯಾವ ಟೀವಿಯವನೂ ಅದನ್ನು ಹಿಡಿಯಲಿಲ್ಲ. ಮೊಬೈಲು ಹಿಡಿದವರು ಚಲಿಸುತ್ತಾರೆ, ಮಾತಾಡುತ್ತಾರೆ. ಬಿಂದಿಗೆ ಟೀವಿಗೆ ಆಗಿಬರುವುದಿಲ್ಲ.

ಅಮ್ಮ ಮನೆಗೆ ಬಂದ ಮೇಲೆ ಫೋನುಗಳು ಶುರುವಾದವು. ಯಲಹಂಕದಿಂದ ನಮ್ಮ ಮಾವ ಮೊದಲನೆಯವರು. ಸ್ಪೀಕರಿನಲ್ಲಿ ಹಾಕಿದ್ದೆ, ಅವಳಿಗೆ ಕೇಳಲಿ ಎಂದು. ತಪ್ಪು ಮಾಡಿದೆ.

"ಏನಕ್ಕಾ, ಈ ವಯಸ್ಸಲ್ಲಿ ನಿಂಗ್ಯಾಕೆ ಬೇಕಿತ್ತು ತಮಾಸೆ ನೋಡೋ ಚಪಲ? ಸೈರನ್ ಒಡೆದ್ರೂ ಓಡ್ಬಂದ್ರಂತೆ ಎಲ್ರೂವೆ!"

ಅಮ್ಮನಿಗೆ ಆಗ ಒಡೆದ ಕೊಳಲಿನಂಥ ಒಂದು ದನಿ ಬಂದಿತ್ತು. ಅದೇ ಕೊನೆಗೆ ಉಳಿದುಕೊಂಡ ದನಿ. "ನೀರಿಗೆ ಓಗಿದ್ದೆ ಕಣ್ಲಾ," ಎಂದಳು. ಆ ಕಡೆ ಮಾವ, "ಆಂ? ಏನಂದೆ? ಸರಿಯಾಗಿ ಕೇಳಿಸ್ತಿಲ್ಲ. ರೆಸ್ಟ್ ತಗೋ ರೆಸ್ಟ್ ತಗೋ," ಎಂದು ಇಟ್ಟುಬಿಟ್ಟರು.

ಹೊರಗಿನವರಿಗೆ ಇದು ಚಿಲ್ಲರೆ ವಿಷಯ. ಜೀವ ಉಳಿಯಿತಲ್ಲ, ಯಾರು ಏನಂದುಕೊಂಡರೆ ಏನು? ಆದರೆ ತುಮಕೂರು ರಸ್ತೆಯಲ್ಲಿ ಟೊಮೇಟೊ ಲಾರಿ ಮಗುಚಿ ಇಡೀ ಬೀದಿ ಚೀಲ ಹಿಡಿದು ಓಡಿದ್ದಾಗ ಬಾಗಿಲು ಹಾಕಿಕೊಂಡು ಕೂತಿದ್ದವಳು ನಮ್ಮಮ್ಮ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಬೀದಿಯಲ್ಲಿ ನಿಂತು ನೋಡುವವಳು ಎಂಬ ಮಾತು ಬಾರದ ಹಾಗೆ ಬದುಕಬೇಕಾಗಿ ಬಂದವಳು. ಅದೊಂದೇ ಅವಳ ಗತ್ತು. ಅದನ್ನು, ಅವಳ ಮುಖವನ್ನೂ ಕಂಡಿರದ ಯಾರೋ ಒಬ್ಬ, ಎಲ್ಲೋ ಏಸಿ ರೂಮಿನಲ್ಲಿ ಕೂತು, 'ಕುತೂಹಲದಿಂದ' ಎಂಬ ಒಂದು ಪದ ಹಾಕಿ ಕಿತ್ತುಕೊಂಡ. ಆ ಪದ ಹಾಕಿದ್ದಕ್ಕೆ ಅವನಿಗೆ ಸಂಬಳ ಬಂತು.

ಅವನು ಮನೆಗೂ ಬಂದ. ಅವನೇ ಬರೆದದ್ದೋ, ಬರೆದವನ ಕೈಕೆಳಗಿನವನೋ, ನನಗೆ ತಿಳಿಯದು. ಸಿಟ್ಟಿನಲ್ಲಿ ನಾನು ಇಬ್ಬರನ್ನೂ ಒಬ್ಬನೇ ಮಾಡಿಕೊಂಡಿದ್ದೇನೆ. ಕಂಪನಿಯ ಪರವಾಗಿ ಜನರ ಹತ್ತಿರ ಮಾತಾಡುವುದು ಅವನ ಕೆಲಸ. ವಯಸ್ಸು ನನ್ನಷ್ಟೇ. ಚಪ್ಪಲಿಯನ್ನು ಹೊರಗೆ ನೀಟಾಗಿ ಬಿಟ್ಟು ಬಂದ. ಕುರ್ಚಿ ಕೊಟ್ಟರೂ ಕೂರದೆ ಅಮ್ಮನ ಚಾಪೆಯ ಪಕ್ಕ ನೆಲದ ಮೇಲೆ ಕೂತ. ಕೆಟ್ಟವನಾಗಿದ್ದರೆ ಒದ್ದು ಓಡಿಸಬಹುದಿತ್ತು. ಒಳ್ಳೆಯವನ ಹಾಗಿದ್ದ.

"ಅಮ್ಮಾ, ನಾನು ನಿಮ್ಮ ಮಗ ಇದ್ದ ಹಾಗೆ."

"ನಂಗೊಬ್ಬ ಅವ್ನೆ ಕಣಪ್ಪ," ಎಂದಳು ಅಮ್ಮ ಆ ಒಡೆದ ದನಿಯಲ್ಲಿ. "ಇವ್ನನ್ನೇ ತಡ್ಕೊಳಕಾಗಲ್ಲ."

ಅವನು ಮನಸಾರೆ ನಕ್ಕ. ಕಾಫಿ ಕುಡಿದ. ಚೆನ್ನಾಗಿದೆ ಎಂದ. ಆಸ್ಪತ್ರೆಯ ಬಿಲ್ಲನ್ನು ಕಂಪನಿಯೇ ಕಟ್ಟಿತ್ತು, ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ನಾಜೂಕು. ಅಮ್ಮ ಅವನ ತೋಳು ಮುಟ್ಟಿ ಹೇಳಿದಳು:

"ನೀನು ದೊಡ್ಡೋರ ಅತ್ರ ಇರೋನು. ಈಯಮ್ಮ ತಮಾಸೆ ನೋಡಕ್ಕೆ ಬಂದೋಳಲ್ಲ, ನೀರಿಗೆ ಬಂದಿದ್ಲು ಅಂತ ಟೀವೀಲಿ ಒಂದ್ ಮಾತು ಅನ್ನಿಸ್ಬಿಡಪ್ಪ. ಸಾಕು. ಇನ್ನೇನೂ ಬ್ಯಾಡ."

"ಖಂಡಿತ ಅಮ್ಮ. ನಿಮ್ಮ ನೋವು ನಮಗೆ ಅರ್ಥ ಆಗತ್ತೆ."

"ಅಮ್ಮ ನೋವಿನ ವಿಷ್ಯ ಹೇಳ್ತಿಲ್ಲ ಸಾರ್," ಎಂದೆ. "ಆ ಸೈರನ್ ಪಾಳೀದು. ದಿನಾ ಎರಡು ಗಂಟೆಗೆ ಹೊಡೆಯೋದು. ಅದನ್ನ ಕೇಳಿದ್ರೆ ಇಲ್ಲಿ ಜನ ನೀರಿಗೆ ಹೊರಗೆ ಬರ್ತಾರೆ. ಎಚ್ಚರಿಕೆ ಕೊಟ್ವಿ ಅಂತ ಯಾಕೆ ಹೇಳಿದ್ರಿ?"

"ಸೈರನ್ ಆಗಿದ್ದು ನಿಜ ಅಲ್ವಾ ಸಾರ್?"

"ನಿಜ."

"ಅವರು ಹೊರಗೆ ಬಂದಿದ್ದು?"

"ನಿಜ, ಆದ್ರೆ..."

"ನಾವು ಅಷ್ಟೇ ಹೇಳಿರೋದು ಸಾರ್." ಅವನ ಮುಖದಲ್ಲಿ ನಗು ಇರಲಿಲ್ಲ, ಗೆದ್ದ ಭಾವವೂ ಇರಲಿಲ್ಲ. ನನಗೇನೋ ಸಹಾಯ ಮಾಡುತ್ತಿದ್ದೇನೆ ಎನ್ನುವಂತೆ ಹೇಳಿದ. ಎದ್ದು ನಿಂತು ಅಮ್ಮನ ಕಾಲು ಮುಟ್ಟಿದ. ಜೊತೆಗೆ ಬಂದಿದ್ದವನು ಅದರ ಫೋಟೋ ತೆಗೆದುಕೊಂಡ.

ಇಲ್ಲ, ಫೋಟೋ ತೆಗೆದದ್ದು ಮನೆಯಲ್ಲೋ, ಆಮೇಲೆ ನಡೆದ ಶಿಬಿರದಲ್ಲೋ? ಎರಡು ಕಡೆಯೂ ಅವನು ಕಾಲು ಮುಟ್ಟಿದ. ಎಲ್ಲಿ ತೆಗೆದದ್ದೇ ಆಗಲಿ, ಆ ಫೋಟೋ ಕಂಪನಿಯ ಕ್ಯಾಲೆಂಡರಿನಲ್ಲಿ ಬಂತು. ನಮ್ಮ ಬೀದಿಯ ಮನೆಮನೆಗೂ ಆ ಕ್ಯಾಲೆಂಡರು ಬಂತು.

ಶಿಬಿರ ಎಂದರೆ ಉಚಿತ ಆರೋಗ್ಯ ತಪಾಸಣೆ. ಬೀದಿಗೆ ಅಡ್ಡಲಾಗಿ ಶಾಮಿಯಾನ, ಕಂಪನಿಯ ಹೆಸರಿನ ಬ್ಯಾನರು, ಬೀಪಿ ನೋಡುವ ಹುಡುಗಿಯರು, ಎಲ್ಲರಿಗೂ ಒಂದೊಂದು ಟಾನಿಕ್ಕು. ಹೊಗೆಯ ದಿನ ಊರಲ್ಲೇ ಇರದಿದ್ದವರೂ ಸಾಲಿನಲ್ಲಿ ನಿಂತು ತೆಗೆದುಕೊಂಡರು. ಕಂಪನಿಯನ್ನು ಮುಚ್ಚಿಸುತ್ತೇವೆ ಎಂದು ಕೂಗಾಡಿದ್ದ ನಮ್ಮ ಪಕ್ಕದ ಮನೆಯಾಕೆಯೂ ನಿಂತಿದ್ದಳು. ಆಕೆಯ ಬಿಂದಿಗೆ ಆವತ್ತು ಅಮ್ಮನದರ ಹಿಂದೆಯೇ ಇತ್ತು.

"ಬೇರೆ ಕಂಪನಿಯೋರಾಗಿದ್ರೆ ತಿರುಗಿ ನೋಡ್ತಿದ್ರಾ?" ಎಂದಳು ಆಕೆ ಟಾನಿಕ್ಕಿನ ಬಾಟಲಿ ಅಲ್ಲಾಡಿಸುತ್ತ. "ಎಷ್ಟ್ ಮರ್ಯಾದೆಯಾಗಿ ಮಾತಾಡ್ತಾರೆ. ನಾವೂ ಅಷ್ಟೆ ಕಣಕ್ಕ, ಒಗೆ ಕಂಡ್ ತಕ್ಷಣ ಒಳೀಕ್ ಓಗ್ಬೇಕಿತ್ತು. ಇದೇನಪ್ಪ ಅಂತ ನೋಡ್ಕೊಂಡ್ ನಿಂತ್ಕೊಂಡ್ವಿ."

"ಯಾವಾಗ್ ನಿಂತ್ಕೊಂಡ್ವೆ?" ಎಂದಳು ಅಮ್ಮ. "ನೀನು ನನ್ ಬಿಂದಿಗೆ ತಳ್ತಿದ್ದೆ."

"ಅಯ್ಯೋ, ತಳ್ಳಿದ್ನಾ?" ಎಂದು ಆಕೆ ನಕ್ಕಳು. ಸುಳ್ಳು ಹೇಳುವವರ ನಗು ಅದಲ್ಲ. ನಿಜವಾಗಿ ಮರೆತಿದ್ದಳು. ನನಗೆ ಮೈ ಉರಿದುಹೋಯಿತು. ಮನುಷ್ಯರು ಹಣಕ್ಕೆ ಬಾಯಿ ಮುಚ್ಚುವುದು ನನಗೆ ಅರ್ಥವಾಗುತ್ತದೆ. ಒಂದು ಬಾಟಲಿ ಟಾನಿಕ್ಕಿಗೆ, ನಾಲ್ಕು ಸಲ ಅಮ್ಮಾ ಎಂದು ಕರೆಸಿಕೊಂಡದ್ದಕ್ಕೆ, ತಾವು ಕಂಡದ್ದನ್ನೇ ಬಿಟ್ಟುಕೊಟ್ಟು, ತಾವು ಕೇಳಿದ್ದನ್ನು ಕಂಡದ್ದು ಮಾಡಿಕೊಳ್ಳುವುದು ಅರ್ಥವಾಗುವುದಿಲ್ಲ.

ನವೆಂಬರಿನಲ್ಲಿ ಬೀದಿಯ ರಾಜ್ಯೋತ್ಸವ. ಪ್ರತಿ ವರ್ಷ ಚಂದಾ ಎತ್ತುತ್ತಿದ್ದ ಹುಡುಗರು ಆ ಸಲ ಎತ್ತಲಿಲ್ಲ, ಖರ್ಚೆಲ್ಲ ಕಂಪನಿಯದು. ಆರ್ಕೆಸ್ಟ್ರಾ, ಲೈಟು, ಬಾವುಟ, ಜೊತೆಗೆ ಸನ್ಮಾನ. ಸನ್ಮಾನ ಯಾರಿಗೆ? ಸಮಯಪ್ರಜ್ಞೆಯಿಂದ ಸೈರನ್ ಮೊಳಗಿಸಿ ನೂರಾರು ಜೀವ ಉಳಿಸಿದ ಧೀರನಿಗೆ. ಅಂದರೆ ಅಣ್ಣನಿಗೆ.

ಹಿಂದಿನ ದಿನ ಸಂಜೆ ಅಣ್ಣ ನಮ್ಮ ಮನೆಗೆ ಬಂದರು. ಒಳಗೆ ಬರದೆ ಹೊಸ್ತಿಲಾಚೆ ನಿಂತಿದ್ದರು.

"ಬ್ಯಾಡ ಅಂದೆ ಅಕ್ಕಾ. ಕೇಳಲ್ಲ ಅಂತಾರೆ. ಎಲ್ಲಾ ಪ್ರಿಂಟ್ ಆಗೋಗಿದೆಯಂತೆ."

"ನೀನು ಯಾಕ್ ಒತ್ತಿದ್ದು ಸೈರನ್ನು?" ಎಂದು ಅಮ್ಮ ಕೇಳಿದಳು.

"ಟೈಮ್ ಆಗಿತ್ತು, ಒತ್ತಿದೆ. ಒಳಗೆ ಲೀಕಾಗಿರೋದು ನಂಗೇನ್ ಗೊತ್ತು? ಗೊತ್ತಿದ್ರೆ ಒತ್ತಿರ್ತಿದ್ನಾ ಅಕ್ಕಾ? ನೀವೆಲ್ಲ ನೀರಿಗೆ ಬತ್ತೀರ ಅಂತ ನಂಗೊತ್ತಿಲ್ವಾ?"

"ಇದನ್ನೇ ಮೈಕಲ್ಲಿ ಅಂದ್ಬಿಡು."

ಅಣ್ಣ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಮಗಳ ಮದುವೆ ಐತೆ ಅಕ್ಕಾ," ಎಂದರು. ಹಾಗೆಂದರೆ ಕೆಲಸ ಉಳಿಯಬೇಕು ಎಂದರ್ಥ. ಆಮೇಲೆ ಟೋಪಿಯನ್ನು ಮತ್ತೆ ತಲೆಗೇರಿಸಿ, "ನೋಡಾನ," ಎಂದರು.

ಮಾರನೆಯ ದಿನ ಅಮ್ಮ ಹಠ ಹಿಡಿದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಳು. ನಾನು ಪಕ್ಕದಲ್ಲಿದ್ದೆ. ಇಲ್ಲಿ ನನ್ನ ನೆನಪನ್ನು ನಂಬಬಹುದು, ಎಷ್ಟು ನಂಬಬಹುದೋ ಅಷ್ಟು. ಅಣ್ಣನನ್ನು ಕೆಂಪು ವೆಲ್ವೆಟ್ಟಿನ ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಮೈಸೂರು ಪೇಟ ಅವರ ತಲೆಗೆ ದೊಡ್ಡದಾಗಿ ಹುಬ್ಬಿನ ಮೇಲೆ ಜಾರುತ್ತಿತ್ತು. ನಿರೂಪಕ ಮೈಕಿನಲ್ಲಿ, "ತಮ್ಮ ಪ್ರಾಣವನ್ನೂ ಲೆಕ್ಕಿಸದೆ" ಎಂದು ಶುರುಮಾಡಿ ಉಸಿರು ಕಟ್ಟುವವರೆಗೂ ಹೊಗಳಿದ. ಆವತ್ತು ನಮ್ಮ ಮನೆಯ ನೆಲದ ಮೇಲೆ ಕೂತಿದ್ದ ಆ ಒಳ್ಳೆಯವನು ವೇದಿಕೆಯ ಅಂಚಿನಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ.

ಅಣ್ಣನಿಗೆ ಮೈಕು ಕೊಟ್ಟರು. ಅವರು ಒಂದು ಕೈಯಿಂದ ಪೇಟ ಹಿಡಿದುಕೊಂಡು ಅಮ್ಮನ ಕಡೆ ನೋಡಿದರು. ಅಮ್ಮ ನೆಟ್ಟಗೆ ಕೂತಳು.

"ನಾನೇನೂ ಮಾಡಿಲ್ಲ," ಎಂದರು ಅಣ್ಣ. "ಟೈಮ್ ಆಗಿತ್ತು. ಒತ್ತಿದೆ. ಅಷ್ಟೆಯ."

ಆಮೇಲೆ ಚಪ್ಪಾಳೆ. ಮುಂದಿನಿಂದ ಹಿಂದಿನವರೆಗೂ ಚಪ್ಪಾಳೆ, ಶಿಳ್ಳೆ. ನಿರೂಪಕ ಮೈಕು ಕಿತ್ತುಕೊಂಡು, "ನೋಡಿ ಸ್ವಾಮಿ, ಎಂಥಾ ಸರಳತೆ! ಇಷ್ಟು ದೊಡ್ಡ ಕೆಲಸ ಮಾಡಿ, ಏನೂ ಮಾಡಿಲ್ಲ ಅಂತಾರೆ! ಇದೇ ಕಣ್ರೀ ಕನ್ನಡಿಗನ ಗುಣ!" ಎಂದ. ಅಣ್ಣ ಮತ್ತೇನೋ ಹೇಳಲು ಬಾಯಿ ತೆರೆದರು. ಕೀಬೋರ್ಡಿನವನು ರಾಗ ಎತ್ತಿಬಿಟ್ಟ.

"ಅಂದ ಅಲ್ವೇನ್ಲಾ ಅವ್ನು?" ಎಂದು ಅಮ್ಮ ನನ್ನ ಕಿವಿಯ ಹತ್ತಿರ ಕೇಳಿದಳು.

"ಅಂದ."

"ಯಾರ್ಗೂ ಕೇಳಿಸ್ಲಿಲ್ವಾ?"

"ಕೇಳಿಸ್ತು ಕಣಮ್ಮ. ಎಲ್ಲರಿಗೂ ಕೇಳಿಸ್ತು."

ಸುಳ್ಳನ್ನು ಹಿಡಿದು ಹಾಕಬಹುದು. ಇದನ್ನು ಏನು ಮಾಡಬೇಕು? ನಿಜ ಹೇಳಿದವನಿಗೂ ಚಪ್ಪಾಳೆ ತಟ್ಟಿ, ಆ ನಿಜವನ್ನೇ ಹಾರದ ಜೊತೆ ಅವನ ಕೊರಳಿಗೆ ಹಾಕಿ ಮನೆಗೆ ಕಳಿಸಿದರು. ಆ ರಾತ್ರಿ ನಾನು ಅಣ್ಣನನ್ನು ಹೇಡಿ ಎಂದು ಬೈದೆ. ಈಗ ಬೈಯಲಾರೆ. ಅವರು ಹೇಳಿದರು. ಹೇಳಿದ್ದನ್ನು ಕೇಳದ ಹಾಗೆ ಒಂದು ಬೀದಿಯನ್ನು ಮೊದಲೇ ತಯಾರು ಮಾಡಿಟ್ಟಿದ್ದರು. ನಾನು ಬೈಯಬೇಕಾದದ್ದು ಅದನ್ನು.

ಆಮೇಲೆ ಕಂಪನಿ ನಮಗೆ ನೀರು ಕೊಟ್ಟಿತು. ವ್ಯಂಗ್ಯವಲ್ಲ, ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿದರೆ ಕ್ಯಾನು ತುಂಬುವ ಯಂತ್ರ, ನೀಲಿ ತಗಡಿನ ಮನೆ, ಉದ್ಘಾಟಿಸಿದವರ ಹೆಸರಿರುವ ಕರಿ ಕಲ್ಲು. ಅದಕ್ಕೆ ಜಾಗ ಬೇಕಾಗಿ ಹಳೆಯ ತೊಂಬೆಯನ್ನು ಒಡೆದರು. ಮೋಟಾರು ಬಿಚ್ಚಿದರು. ನೀರುಗಂಟಿಗೆ ಬೇರೆ ಕಡೆ ಕೆಲಸವಾಯಿತು. ಯಾವಾಗ ಬೇಕಾದರೂ ನೀರು ಸಿಗುವಾಗ ಬಿಂದಿಗೆ ಸಾಲಿಗೆ ಇಡುವವರು ಯಾರು? ಕೆಲಸಗಾರರು ಬೆರಳು ಒತ್ತಿ ಹಾಜರಿ ಹಾಕುವ ಮೆಷಿನ್ನು ಬಂದು ಸೈರನ್ನೂ ನಿಂತಿತು. ಮೆಟ್ರೋ ಓಡತೊಡಗಿತು. ಬಾಡಿಗೆ ಏರಿ, ಹಳೆಯ ಬಾಡಿಗೆದಾರರು ಹೋಗಿ ಹೊಸಬರು ಬಂದರು. ಅವರಿಗೆ ಆ ಕಂಪನಿ ಎಂದರೆ ನೀರು ಕೊಟ್ಟ ಕಂಪನಿ.

ಟೀವಿಯವರಿಗೆ ಅರ್ಜಿ ಬರೆದೆ, ಪತ್ರಿಕೆಗೆ ಬರೆದೆ. 'ನೀರಿಗೆ ಹೋಗಿದ್ದರು' ಎಂಬ ಒಂದು ಸಾಲಿನ ತಿದ್ದುಪಡಿ ಕೇಳಿ. ಇಷ್ಟು ದಿನದ ಮೇಲೆ ಅದು ಸುದ್ದಿಯಲ್ಲ ಎಂದು ಒಬ್ಬರು ಫೋನಿನಲ್ಲಿ ಹೇಳಿದರು. ಉಳಿದವರು ಏನೂ ಹೇಳಲಿಲ್ಲ.

ಕಳೆದ ವರ್ಷ ನಮ್ಮ ಮಹಡಿಗೆ ಬಾಡಿಗೆಗೆ ಬಂದಾಕೆ ಅಮ್ಮನ ಜೊತೆ ಕಾಫಿ ಕುಡಿಯುತ್ತ, "ಆಂಟಿ, ನಿಮ್ಮ ವಾಯ್ಸ್ ಮೊದಲಿಂದಾನೂ ಹೀಗೇನಾ?" ಎಂದು ಕೇಳಿದರು. ನಾನು ಒಳಗಿನ ಕೋಣೆಯಲ್ಲಿದ್ದೆ.

"ಇಲ್ಲ ಕಣಮ್ಮ," ಎಂದಳು ಅಮ್ಮ. "ಕಾರ್ಖಾನೆಯಾಗೆ ಗ್ಯಾಸ್ ಬಿಟ್ಕೊಂಡಿತ್ತು. ಏನೋ ಬೆಳ್ಳಗೆ ಒಗೆ ಬಂತಲ್ಲ ಅಂತ ನೋಡಕ್ಕೆ ಓದ್ವಿ ಎಲ್ಲಾರೂ. ಸೈರನ್ ಒಡ್ದಿದ್ರು ಪಾಪ ಅವ್ರು."

ಪಾಪ ಅವರು! ನಾನು ಎದ್ದು ಹೊರಗೆ ಬಂದೆ. ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಆಕೆಯ ಕೈಯಲ್ಲಿದ್ದ ಲೋಟ ತುಳುಕಿತು.

"ಅಮ್ಮ, ನೀರಿಗೆ ಹೋಗಿದ್ದೆ ನೀನು! ಆಸ್ಪತ್ರೇಲಿ ಸೊಂಟದ ಮೇಲೆ ಕೈ ಇಟ್ಟು ತೋರಿಸಿದೆ ನಂಗೆ!"

"ಬಂದೋರ ಎದುರ್ಗೆ ಯಾಕಿಂಗ್ ಕಿರುಚ್ತೀಯ?"

"ನೀರಿಗೆ ಹೋಗಿದ್ದೆ ಅನ್ನು ಮೊದ್ಲು. ಮಾವನಿಗೆ ಹೇಳಿದ್ದೆ. ಕಂಪನಿಯವನಿಗೆ ಹೇಳಿದ್ದೆ. ಅಣ್ಣನ ಕೈಲಿ ಮೈಕಲ್ಲಿ ಹೇಳಿಸಿದೆ!"

ಅಮ್ಮ ನನ್ನನ್ನು ನೋಡಿದಳು. ಅವಳು ಹುಡುಕುತ್ತಿದ್ದದ್ದು ನನಗೆ ಕಾಣಿಸುತ್ತಿತ್ತು. ಬೀದಿಯ ಕೊನೆಯವರೆಗೂ ಮನಸ್ಸಿನಲ್ಲೇ ನಡೆದುಹೋಗಿ, ಆ ನೀಲಿ ತಗಡಿನ ಮನೆಯ ಮುಂದೆ ನಿಂತು, ಸುತ್ತಲೂ ನೋಡಿ ವಾಪಸು ಬಂದಳು.

"ಅಲ್ಲಿ ನೀರೆಲ್ಲಿತ್ತಪ್ಪ ಆವಾಗ?" ಎಂದಳು. "ಯಂತ್ರ ಆಮೇಲೆ ತಾನೆ ಬಂದಿದ್ದು."

ಮಹಡಿಯ ಮನೆಯಾಕೆ ನನ್ನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿ, ಅಮ್ಮನ ಕಡೆಗೆ ಹೌದೆಂಬಂತೆ ತಲೆಯಾಡಿಸಿದರು.